ಗುಡ್ಡನ ಹೆಂಡತಿಯ ತವರು

ತಾನು ಹೇಳಿದ ಆ ಮಗು ತೀರಿಕೊಂಡದ್ದು ಚೌತಿಗೆ ಮುಂಚೆಯೋ, ಚೌತಿ ಕಳೆದ ಮೇಲೋ ಎಂಬುದು ಮರವಂತೆ ದಾಟುವಾಗ ಶ್ರೀಲತಾಳಿಗೆ ನೆನಪಾಗಲಿಲ್ಲ. ಬಸ್ಸಿನ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಕಿಟಕಿಯ ಗಾಜಿನ ಮೇಲೆ ಆಷಾಢದ ಮಳೆ ಇಳಿಯುತ್ತಿದ್ದುದರಿಂದ ಎರಡೂ ಒಂದೇ ಬೂದಿ ಬಣ್ಣಕ್ಕೆ ತಿರುಗಿ, ರಸ್ತೆ ಎಂಬುದೇ ಇಲ್ಲದೆ ಬಸ್ಸು ನೀರಿನ ಮೇಲೆ ತೇಲಿಕೊಂಡು ಹೋಗುತ್ತಿದ್ದ ಹಾಗಿತ್ತು. ಅಬ್ಬಿಗೆ, ಎಂದರೆ ತಾಯಿ ಜಲಜಳಿಗೆ, ಹೇಳುವಾಗ ಚೌತಿಗೆ ಮುಂಚೆ ಎಂದಿದ್ದಳೇ? ಮದುವೆ ನಡೆಸಿಕೊಟ್ಟ ಜಾತಿಯ ಹಿರಿಯರಾದ ಗುರಿಕಾರರು ಕೇಳಿದಾಗ ಬೇರೆ ಏನಾದರೂ ಬಾಯಿಗೆ ಬಂದಿತ್ತೇ? ಹುಟ್ಟದೇ ಇದ್ದ ಮಗುವಿನ ಸಾವಿನ ದಿನ ಮರೆತರೆ ಯಾರ ಅಪ್ಪನ ಗಂಟು ಹೋಯಿತು ಎಂದು ಬೇರೆಯವರಾದರೆ ನಕ್ಕು ಸುಮ್ಮನಾಗಬಹುದು. ಅವಳಿಗೆ ಆಗುತ್ತಿರಲಿಲ್ಲ. ಯಾರು ಯಾವಾಗ ಬಂದರು, ಏನಾಗಿತ್ತು, ಹೇಗೆ ಹೋದರು ಎಂಬುದನ್ನು ತಪ್ಪಿಲ್ಲದೆ ಕಾಯ್ದಿಡುವುದೇ ಅವಳ ಕೆಲಸ. ವೈದ್ಯಕೀಯ ದಾಖಲೆಗಳ ಡಿಪ್ಲೊಮಾ ಮುಗಿಸಿದ ಲಾಗಾಯ್ತು ಬ್ರಹ್ಮಾವರದ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಅದನ್ನೇ ಮಾಡಿಕೊಂಡು ಬಂದಿದ್ದಳು. ನಿನ್ನೆ ಸಂಜೆ ಹೊರಡುವ ಹೊತ್ತಿಗೆ ಅವಳ ಮೇಲಿನವರಾದ ಪ್ರೇಮಾನಂದ ಸರ್, ಕನ್ನಡಕ ಒರೆಸಿಕೊಳ್ಳುತ್ತ, ಅವಳ ಮುಖ ನೋಡದೆ ಹೇಳಿದ್ದರು: “ನಾಳೆ ಒಬ್ರ್ ಹೆಂಗಸ್ರ್ ಬತ್ರ್. ಅವ್ರ ಮಗಿನ ಫೈಲ್ ನೀನ್ ಕಂಡ್ ಹೊರಗ್ ಹೇಳಿದ್ಯಾ ಇಲ್ಯಾ ಅಂದೇಳಿ ಅವ್ರ ಎದ್ರಿಗೇ ನಾ ಕೇಳ್ಕ್. ಇಲ್ಲ ಅಂದ್ರೆ ಇಲ್ಲ. ನಾನ್ ರಿಟೈರ್ ಆತೆ, ಈ ರೂಮ್ ನಿಂದ್. ಹೌದ್ ಅಂದ್ರೆ ಮತ್ತೆ ನನ್ ಕೈಯಂಗೆ ಎಂತದೂ ಇಲ್ಲೆ.”

ಈ ರೂಮ್ ನಿಂದ್ ಎಂಬ ಮಾತನ್ನು ರಾತ್ರಿಯಿಡೀ ಬೆಲ್ಲದಂತೆ ಬಾಯಲ್ಲಿಟ್ಟುಕೊಂಡಿದ್ದಳು. ಆ ರೂಮು ಬೇಕಾಗಿತ್ತು ಅವಳಿಗೆ. ಗಂಡ, ಮನೆ, ಚಿನ್ನ ಬೇಕೆಂದು ಉಳಿದವರು ಹಂಬಲಿಸುವ ಹಾಗೆಯೇ ಬೇಕಾಗಿತ್ತು. ಕಬ್ಬಿಣದ ಕಪಾಟುಗಳ ಸಾಲು, ಅಂಚಿಗೆ ಬಣ್ಣದ ಪಟ್ಟಿ ಹಚ್ಚಿದ ಫೈಲುಗಳು, ಯಾವುದಾದರೂ ಫೈಲು ಹೊರಗೆ ಹೋದರೆ ಅದರ ಜಾಗದಲ್ಲಿ ನಿಲ್ಲಿಸುವ ಹಳದಿ ರಟ್ಟು. ಜ್ವರದ ಹಾಗೆ ಏರಿ ಇಳಿದು ಬಂದ ಮನುಷ್ಯರೆಲ್ಲ ಅಲ್ಲಿ ಶಾಂತರಾಗಿ ನಿಂತಿರುತ್ತಿದ್ದರು. ಮನುಷ್ಯನಿಗೆ ಆಗಬಹುದಾದ ಎಲ್ಲಕ್ಕೂ ಒಂದೊಂದು ಸಂಖ್ಯೆ ಇದೆ ಎಂದು ಡಿಪ್ಲೊಮಾದ ಮೊದಲ ತಿಂಗಳಲ್ಲಿ ತಿಳಿದಾಗ ಅವಳಿಗೆ ಬೆವರೇ ಬಂದಿತ್ತು. ಮರದಿಂದ ಬಿದ್ದರೆ ಡಬ್ಲ್ಯೂ ಹದಿನಾಲ್ಕು. ಹಾವು ಕಚ್ಚಿದರೆ ಎಕ್ಸ್ ಇಪ್ಪತ್ತು. ಏನಾಯಿತೆಂದೇ ಗೊತ್ತಾಗದೆ ಸತ್ತರೆ ಅದಕ್ಕೂ ಒಂದು ಇತ್ತು, ಆರ್ ತೊಂಬತ್ತೊಂಬತ್ತು. ಅವಳು ಹುಟ್ಟುವ ಮೊದಲೇ, ಇನ್ನೂ ತೆವಳುತ್ತಿದ್ದಾಗ ಒಂದು ಮಧ್ಯಾಹ್ನ ಮೈ ಸೆಟೆದು ಹೋಗಿಬಿಟ್ಟ ಅಣ್ಣ ಗುಡ್ಡನಿಗೆ ಅವಳು ಮನಸ್ಸಿನಲ್ಲೇ ಆ ಸಂಖ್ಯೆ ಕೊಟ್ಟಿದ್ದಳು. ಕೊಟ್ಟ ಮೇಲೆ ಅಣ್ಣ ಎಂಬವನು ಒಬ್ಬ ನಿಜಕ್ಕೂ ಇದ್ದ ಅನ್ನಿಸಿತ್ತು. ಆದರೆ ಇದನ್ನೆಲ್ಲ ಹೊರಗಿನವರಿಗೆ ಹೇಳುವುದು ಹೇಗೆ? ಆಸ್ಪತ್ರೆಯಂಗೆ ಕೆಲ್ಸವಾ, ನರ್ಸಾ ಎಂದು ಕೇಳುತ್ತಿದ್ದರು. ಅಲ್ಲ. ಮದ್ದು ಕೊಡೂದಾ? ಅಲ್ಲ. ಮತ್ತೆಂತ? ನೋಡಲು ಬಂದ ಗಂಡಿನ ಕಡೆಯ ಒಬ್ಬ ಮುದುಕ ಅವಲಕ್ಕಿ ಬಾಯಲ್ಲಿಟ್ಟುಕೊಂಡೇ, “ಅಂದ್ರೆ ಫೈಲಿನ ಧೂಳ್ ಒರ್ಸೂದ್, ಅಲ್ದಾ?” ಎಂದು ಕೇಳಿದ್ದ. ಅವಳು ಹೌದು ಎಂದಿದ್ದಳು. ಆ ಹೌದು ಇವತ್ತಿಗೂ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಚುಚ್ಚುತ್ತದೆ. ಆ ಗಂಡು ಒಪ್ಪಲಿಲ್ಲ. ಅದಕ್ಕೆ ಮುಂಚಿನವನೂ, ಆಮೇಲಿನವನೂ ಒಪ್ಪಲಿಲ್ಲ.

ತಲ್ಲೂರಿನಲ್ಲಿ ಬಸ್ಸು ನಿಂತು ಹೊರಟಿತು. ಒದ್ದೆ ಕೊಡೆಗಳ ವಾಸನೆ ತುಂಬಿತು. ಅಬ್ಬಿ ಹೊರಟಿರಬಹುದೇ? ಬೇಡ ಎಂದು ಕೈಮುಗಿದು ಬಂದಿದ್ದಳು. ಜಲಜ ಎಂಬ ಹೆಂಗಸು ಬೇಡ ಎಂದದ್ದನ್ನು ಯಾವತ್ತು ಕೇಳಿದ್ದಾಳೆ? ಜಲಜಳ ತವರು ಬ್ರಹ್ಮಾವರಕ್ಕಿಂತ ಆಚೆ, ಹೊಳೆಯ ತೆಂಕು ಬದಿಯ ತುಳುವರ ಊರು. ಅಲ್ಲಿ ಸತ್ತ ಮಕ್ಕಳು ಸತ್ತಲ್ಲೇ ನಿಲ್ಲುವುದಿಲ್ಲ. ಬದುಕಿದ್ದವರ ಜೊತೆಗೇ ವರ್ಷ ವರ್ಷ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಕೇಳುತ್ತಾರೆ. ಆಗ ಅದೇ ರೀತಿ ತೀರಿಕೊಂಡ ಹೆಣ್ಣನ್ನು ಇನ್ನೊಂದು ಮನೆಯಲ್ಲಿ ಹುಡುಕಿ, ಬೇರೆ ಬಳಿಯವಳೇ, ಬೇರೆ ಕುಲದವಳೇ ಎಂದು ಖಾತ್ರಿ ಮಾಡಿಕೊಂಡು, ಮನೆಯವರ ಒಪ್ಪಿಗೆ ಕೇಳಿ, ಧಾರೆ ಎರೆದು ಊಟ ಹಾಕಬೇಕು. ಹಾಕದಿದ್ದರೆ ಮನೆಯಲ್ಲಿ ಬದುಕಿದ್ದವರ ಮದುವೆ ನಡೆಯುವುದಿಲ್ಲ. ಉಪ್ಪುಂದದಲ್ಲಿ ಹುಟ್ಟಿ ಬೆಳೆದ ಅಪ್ಪಯ್ಯ ತಿಮ್ಮನಿಗೆ ಇದು ಶುದ್ಧ ಹುಚ್ಚು. ಬಲೆ ಹೊಲಿಯುತ್ತ ಕೂತು, “ನಮ್ ಬದ್ಯಂಗೆ ಸತ್ತವ್ರಿಗ್ ಮದಿ ಮಾಡೂದ್ ಇಲ್ಲೆ. ಬದ್ಕಿದ್ ಹೆಣ್ಣಿಗೇ ಗಂಡ್ ಸಿಕ್ಕೂದಿಲ್ಲೆ,” ಎನ್ನುತ್ತಿದ್ದ. ಜಲಜ ಬೆಳಿಗ್ಗೆ ಎದ್ದು, ಒಲೆಗೆ ಊದುತ್ತ, ಮಗಳಿಗೆ ಮಾತ್ರ ಕೇಳುವ ಹಾಗೆ ಹೇಳುತ್ತಿದ್ದಳು: “ಅಂವ ಬಂದಿದ್ದ ಮಗಾ. ಮೀಸಿ ಬಂದಿತ್. ಜಗ್ಲಿ ಮೇಲ್ ಕೂಕಂಡಿದ್ದ. ಉಂಬುಕೆ ಬಾ ಅಂದ್ರೆ ನನ್ನೇ ಕಾಂತ, ಮಾತಾಡ್ತಿಲ್ಲ.” ಶ್ರೀಲತಾ ಜಗಲಿ ಗುಡಿಸುವಾಗ ಆ ಮೂಲೆಯನ್ನು ಸುತ್ತು ಹಾಕಿ ಗುಡಿಸತೊಡಗಿದಳು. ನಂಬಿಕೆಯಿಂದಲ್ಲ. ಅಲ್ಲಿ ಒಬ್ಬರು ಕೂತಿದ್ದಾರೆಂದು ಗೊತ್ತಿದ್ದೂ ಕಾಲಿನ ಮೇಲೆ ಪೊರಕೆ ಹಾಯಿಸಲು ಅವಳಿಗೆ ಆಗಲಿಲ್ಲ, ಅಷ್ಟೇ.

ಒಂದು ದಿನ ಅಬ್ಬಿ ನೇರವಾಗಿ ಕೇಳಿದಳು. “ನೀನ್ ಹೋಪ ಆಸ್ಪತ್ರ್ಯಂಗೆ ಎಷ್ಟೋ ಹೆಣ್ಣ್ ಮಕ್ಳ್ ತೀರ್ಕಂಡಿರ್ತೊ. ಎಲ್ಲಾ ನಿನ್ ರೂಮಂಗೇ ಇರ್ತೊ ಅಲ್ದಾ? ಅವ್ರ ಊರು, ಮನಿ, ಎಲ್ಲ ನಿಂಗ್ ಗೊತ್ತಿತ್. ಒಂದ್ ಹೆಣ್ಣ್ ಕಾಣ್.” ಶ್ರೀಲತಾ ಬೆಚ್ಚಿಬಿದ್ದಳು. ಅಬ್ಬಿಯ ಕಣ್ಣಲ್ಲಿ ಆ ರೂಮು ಒಂದು ಊರೇ ಆಗಿತ್ತು. ಕಪಾಟಿನ ಸಾಲುಗಳು ಓಣಿಗಳು, ಪ್ರತಿ ಓಣಿಯ ಬಾಗಿಲಲ್ಲೂ ಪ್ರಾಯಕ್ಕೆ ಬಂದ ಹೆಣ್ಣುಗಳು ನಿಂತು ಕಾಯುತ್ತಿದ್ದಾರೆ. “ಅದ್ ಹೇಳೂಕಾಗ ಅಬ್ಬಿ. ಅಲ್ಲಿ ಓದ್ದದ್ದ್ ಬಾಗ್ಲಿಂದ ಹೊರಗ್ ತಪ್ಪುಕಾಗ. ನಮ್ ಕೆಲ್ಸಕ್ ಅದೊಂದೇ ಧರ್ಮ.” “ಇದೇನ್ ಕದಿಯೂದಾ? ಹೆಣ್ಣ್ ಕೇಳೂದಲ್ದಾ?” ಎಂದಳು ಅಬ್ಬಿ. ಮತ್ತೆ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಸಂಜೆ ಬಸ್ಸಿಳಿದು ಬಂದ ಮಗಳ ಕೈಚೀಲದ ಕಡೆ ಒಮ್ಮೆ ನೋಡಿ, ಕಣ್ಣು ತೆಗೆದು ಒಳಗೆ ಹೋಗುತ್ತಿದ್ದಳು, ಅಷ್ಟೇ. ಪೇಟೆಯಿಂದ ಬಂದವರ ಚೀಲವನ್ನು ಮಕ್ಕಳು ನೋಡುತ್ತವಲ್ಲ, ಹಾಗೆ. ಸುಗ್ಗಿಯ ಹೊತ್ತಿಗೆ ಶ್ರೀಲತಾಳಿಗೆ ಆ ನೋಟ ತಡೆಯಲಾಗಲಿಲ್ಲ. ಅಬ್ಬಿ ಹಿತ್ತಿಲಲ್ಲಿ ಕೂತು ಮೀನಿನ ಪೊರೆ ತೆಗೆಯುತ್ತಿದ್ದಳು. “ಸಿಕ್ತ್ ಅಬ್ಬಿ,” ಎಂಬ ಮಾತು ತಾನಾಗಿ ಬಂತು. ಅದು ತನ್ನ ಬಾಯಿಂದ ಬಂದದ್ದೇ ಎಂದು ಅವಳು ತಿರುಗಿ ಸಹ ನೋಡಿದಳು. ಮುಂದಿನದು ಸುಲಭವಾಗಿತ್ತು. ಯಾವ ಕಾಲಮ್ಮೂ ಖಾಲಿ ಬಿಡಬಾರದು ಎಂದು ಕಲಿತವಳು ಅವಳು. ಆಸ್ಪತ್ರೆಗೆ ಇನ್ನೂ ಹಂಚಿನ ಛಾವಣಿ ಇದ್ದ ಕಾಲದಲ್ಲಿ ಹುಟ್ಟಿದ್ದು. ಒಂದು ವಾರವೋ ಏನೋ ಬದುಕಿತ್ತು. ನಮ್ಮದು ಕುಂದರ್ ಬಳಿ, ಅವರದು ಮೆಂಡನ್. ತಾಯಿ ತಂದೆ ಬೊಂಬಾಯಿಯಲ್ಲಿದ್ದಾರೆ, ಬರುವುದಕ್ಕೆ ಆಗುವುದಿಲ್ಲ, ನೀವೇ ನಡೆಸಿಕೊಡಿ ಎಂದು ಫೋನಿನಲ್ಲಿ ಹೇಳಿದರು. ಇದಕ್ಕಾಗಿ ಒಂದು ಫೈಲನ್ನೂ ಮುಟ್ಟಿರಲಿಲ್ಲ ಅವಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಅವಳು ಹೇಳಿದ್ದು ಒಂದೇ. ಧರ್ಮವೂ ಉಳಿಯಿತು, ಅಬ್ಬಿಯೂ ಉಳಿದಳು ಎಂದು ಆ ದಿನ ಮೀನಿನ ಸಾರು ಸುರಿದುಕೊಂಡು ಹೊಟ್ಟೆ ತುಂಬ ಉಂಡಿದ್ದಳು.

ಮದುವೆಯ ದಿನ ಜಗಲಿಯಲ್ಲಿ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಹಸಿರು ಸೀರೆ, ರವಿಕೆ ಕಣ, ಬಳೆ, ಕರಿಮಣಿ, ಮಲ್ಲಿಗೆ. ಅಪ್ಪಯ್ಯ ಸಿಡುಕುತ್ತಲೇ ಹೊಸ ಪಂಚೆ ಉಟ್ಟು ಗಂಡಿನ ತಂದೆಯಾಗಿ ಕೂತಿದ್ದ. ಗುರಿಕಾರರು ಹೆಣ್ಣಿನ ಕಡೆಯವರು ಯಾರು ಎಂದಾಗ ಎಲ್ಲರೂ ಅವಳನ್ನು ನೋಡಿದರು. ತಂದದ್ದು ಅವಳು, ಫೋನಿನಲ್ಲಿ ಮಾತಾಡಿದ್ದು ಅವಳು. ಹಾಗೆ ಅವಳು ಅಣ್ಣನ ಕಡೆಯಿಂದ ಎದ್ದು ಆಚೆ ಬದಿಗೆ ಹೋಗಿ, ಯಾರೂ ಇಲ್ಲದ ಆ ಬದಿಯಲ್ಲಿ ಒಬ್ಬಳೇ ಕೂತಳು. ಧಾರೆಯ ನೀರು ಅವಳ ಕೈಯಿಂದ ಬಿದ್ದಿತು. ಎದುರಿಗೆ ಅಬ್ಬಿ ಸೆರಗಿನಿಂದ ಕಣ್ಣೊರೆಸುತ್ತ ನಗುತ್ತಿದ್ದಳು. ಇಲ್ಲದವಳನ್ನು ಕೊಡುವುದು ಎಷ್ಟು ಹಗುರ ಎಂದುಕೊಳ್ಳುವಾಗಲೇ ಶ್ರೀಲತಾಳಿಗೆ ಎದೆ ತುಂಬಿ ಬಂತು. ಈ ಹುಡುಗಿಯನ್ನು ಕಳುಹಿಸಿಕೊಡಲು ತಾನೊಬ್ಬಳೇ ಇದ್ದೇನಲ್ಲ, ಇವಳಿಗಾಗಿ ಅಳುವವರು ಬೇರೆ ಯಾರೂ ಇಲ್ಲವಲ್ಲ ಎಂದು ನಿಜವಾಗಿಯೇ ಅತ್ತಳು. ನೆರೆದವರು ಹೆಣ್ಣಿನ ಕಡೆಯವರು ಅಳುವುದು ಇದ್ದದ್ದೇ ಎಂದು ಪಾಯಸಕ್ಕೆ ಎದ್ದರು.

ಆಮೇಲೆ ಅಬ್ಬಿಯ ಕನಸಿನಲ್ಲಿ ಗುಡ್ಡ ಉಣ್ಣತೊಡಗಿದ. ಸೊಸೆ ಬಡಿಸುತ್ತಾಳಂತೆ. ಉದ್ದ ಜಡೆಯಂತೆ, ಬಣ್ಣ ಸ್ವಲ್ಪ ಕಪ್ಪಂತೆ, ನಕ್ಕರೆ ಮಾತ್ರ ಮನೆಯೆಲ್ಲ ಬೆಳಕಂತೆ. ಅಬ್ಬಿಯ ಕೆನ್ನೆ ತುಂಬಿಕೊಂಡಿತು. ಅಪ್ಪಯ್ಯನ ಜೊತೆ ಜಗಳ ಕಡಿಮೆಯಾಯಿತು. ಶ್ರೀಲತಾಳಿಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚೇ ಆಗುತ್ತಿತ್ತು. ಕನಸಿನ ಸೊಸೆಗೆ ಸಿಗುವ ಹೊಗಳಿಕೆಯ ಅರ್ಧ ಪಾಲು ಕೂಡ ಸಂಬಳ ತರುವ ಮಗಳಿಗೆ ಸಿಕ್ಕಿರಲಿಲ್ಲ. ಆದರೂ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಅವಳು ಸ್ವಲ್ಪ ಸರಿದು ಕೂರುತ್ತಿದ್ದಳು. ಹಸಿರು ಸೀರೆಯವಳು ಬಂದು ಕೂತಂತೆ, ಕುಂದಾಪುರದ ಸೇತುವೆ ಬಂದಾಗ ಕಿಟಕಿಯತ್ತ ಬಗ್ಗಿ ಹೊಳೆ ನೋಡಿದಂತೆ, ಬಳೆ ಸಣ್ಣಗೆ ಸದ್ದಾದಂತೆ. ನೀನು ಯಾರ ಮಗಳು ಎಂದು ಕೇಳಬೇಕೆನ್ನುವಷ್ಟರಲ್ಲಿ ಕಂಡಕ್ಟರು ಕೋಟೇಶ್ವರ, ಕೋಟ ಎಂದು ಕೂಗುತ್ತಿದ್ದ. ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಆಷಾಢ ಬಂತು. ಹೊಸ ಮದುಮಗಳು ಆಸಾಡಿಗೆ ಗಂಡನ ಮನೆಯಲ್ಲಿ ಇರುವ ಹಾಗಿಲ್ಲ, ತವರಿಗೆ ಕಳುಹಿಸಬೇಕು. ಇಷ್ಟು ಸಣ್ಣ ವಿಷಯ ಎಲ್ಲ ಕಾಲಮ್ಮು ತುಂಬಿಸಿದವಳಿಗೆ ಹೊಳೆದಿರಲಿಲ್ಲ. ಮದುವೆ ಮಾಡಿಸಿದಳು, ತವರು ಮರೆತಳು.

“ಬೊಂಬಾಯ್ಗಂತೂ ಕಳ್ಸೂಕಾಗ,” ಎಂದಿದ್ದಳು ಅಬ್ಬಿ ಇವತ್ತು ಬೆಳಿಗ್ಗೆ, ಸೀರೆ ಬಳೆಗಳನ್ನು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟುತ್ತ. “ಅದ್ ಹುಟ್ಟಿದ್ದೂ ಕಣ್ ಮುಚ್ಚಿದ್ದೂ ನಿನ್ನ್ ಆಸ್ಪತ್ರ್ಯಂಗೇ. ಅದೇ ಅದ್ರ ತೌರ್. ನಿನ್ ರೂಮಂಗೆ ಒಂದ್ ಮೂಲಿ ಸಾಕ್. ಆಸಾಡಿ ಮುಗ್ದ್ ಕೂಡ್ಲೇ ನಾನ್ ಕರ್ಕಂಡ್ ಬತ್ತೆ.” “ಅಲ್ಲಿಗ್ ಹೊರಗಿನವ್ರನ್ನ ಬಿಡೂದಿಲ್ಲೆ ಅಬ್ಬಿ! ಇವತ್ತಂತೂ ಬೇಡ. ನಿನ್ ಕಾಲ್ ಹಿಡಿತೆ.” “ನಾನ್ ಹೊರಗಿನವ್ಳೇ. ಅದ್ ಹೊರಗಿನದ್ದಾ?” ಶ್ರೀಲತಾ ಚೀಲ ಎತ್ತಿಕೊಂಡು ಬಸ್ಸಿಗೆ ಓಡಿ ಬಂದಿದ್ದಳು. ಅಬ್ಬಿ ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ದೇವಸ್ಥಾನದಲ್ಲಿ ಎಲ್ಲ ಕಡೆ ‘ನನ್ ಮಗ್ಳ್ ಆಸ್ಪತ್ರ್ಯಂಗೆ ಹುಡ್ಕಿ ಸೊಸಿ ತಂದ್ಳ್’ ಎಂದು ಹೇಳಿಕೊಂಡು ತಿರುಗದೇ ಇದ್ದಿದ್ದರೆ ಇವತ್ತಿನ ದಿನ ಬರುತ್ತಲೇ ಇರಲಿಲ್ಲ. ಮಾತು ಉಪ್ಪುಂದದಿಂದ ಬ್ರಹ್ಮಾವರದ ಆಸ್ಪತ್ರೆಯ ಕೌಂಟರಿಗೆ ಬಸ್ಸಿಗಿಂತ ಮೊದಲೇ ಮುಟ್ಟಿತ್ತು.

ರೆಕಾರ್ಡ್ ರೂಮಿನ ಬಾಗಿಲು ದೂಡಿದಾಗ ಪ್ರೇಮಾನಂದ ಸರ್ ಮೇಜಿನ ಹಿಂದಿದ್ದರು. ಅವರೆದುರು ಸ್ಟೂಲಿನ ಮೇಲೆ, ಸೊಂಟ ನೆಟ್ಟಗೆ ಮಾಡಿಕೊಂಡು, ಐವತ್ತು ದಾಟಿದ ಒಬ್ಬ ಹೆಂಗಸು. ಒದ್ದೆ ಕೊಡೆಯಿಂದ ನೆಲಕ್ಕೆ ನೀರು ಬೀಳಬಾರದೆಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದಳು. ಆ ಜಾಗ್ರತೆ ನೋಡಿಯೇ ಶ್ರೀಲತಾಳಿಗೆ ಭಯವಾಯಿತು. ಕೂಗಾಡುವವಳು ಬಂದಿದ್ದರೆ ಎಷ್ಟೋ ಲೇಸಾಗಿತ್ತು.

“ಇವ್ರ್ ತುಂಗಾ ಅಂದೇಳಿ,” ಎಂದರು ಪ್ರೇಮಾನಂದ ಸರ್. “ಬಿಜೂರಂಗೆ ಇಪ್ಪವ್ರ್. ನೀವೇ ಹೇಳಿ ಅಮ್ಮ.”

“ನಾನ್ ಜಗಳಕ್ ಬಂದದ್ದಲ್ಲ,” ಎಂದಳು ತುಂಗಾ. “ಉಪ್ಪುಂದದಂಗೆ ಒಂದ್ ಮದಿ ಆಯ್ತ್ ಅಂಬ್ರ್. ಹೆಣ್ಣ್ ಈ ಆಸ್ಪತ್ರ್ಯಂಗೆ ತೀರ್ಕಂಡದ್ದ್ ಅಂಬ್ರ್. ಮೆಂಡನ್ ಬಳಿ, ತಾಯಿ ತಂದಿ ಬೊಂಬಾಯಂಗೆ ಅಂಬ್ರ್. ನನ್ನದೂ ಇಲ್ಲೇ. ನಮ್ಮದೂ ಮೆಂಡನ್ ಬಳಿ. ಅದ್ನ ಮಣ್ ಮಾಡಿ, ಮೈಯಂಗೆ ಹಾಲ್ ಬತ್ತೂಕೆ ಮುಂಚೆ ಬೊಂಬಾಯ್ಗೆ ಹೋಯ್ದೆ. ಹೋದ್ ವರ್ಷ ಊರಿಗ್ ಬಂದದ್ದ್.” ಸ್ವಲ್ಪ ಹೊತ್ತು ಕೊಡೆಯ ಹಿಡಿಯನ್ನು ಸವರಿದಳು. “ನಮ್ಗ್ ಯಾರೂ ಫೋನ್ ಮಾಡ್ಲಿಲ್ಲ. ಅದ್ಕೇ ಕೇಳ್ವ ಅಂದೇಳಿ ಬಂದೆ. ಅದ್ ನನ್ ಮಗ್ಳಾ?”

ಪ್ರೇಮಾನಂದ ಸರ್ ಮೆಲ್ಲನೆ ಕೇಳಿದರು. “ಅಲ್ಲ ಅಂದ್ರೆ?”

“ಅಲ್ಲ ಅಂದ್ರೆ ಹೋತೆ. ಎಂತ ಮಾಡೂದ್.” ಅವಳು ಶ್ರೀಲತಾಳನ್ನು ಮೊದಲ ಬಾರಿಗೆ ನೇರ ನೋಡಿದಳು. “ನಾವ್ ಅದಕ್ ಎಂತದೂ ಮಾಡ್ಲಿಲ್ಲ ಮಗಾ. ಒಂದ್ ಹೊಸ ಬಟ್ಟಿ ಸೈತ ಹಾಕ್ಲಿಲ್ಲ. ಈಗ ಯಾರೋ ಹಸ್ರ್ ಸೀರಿ ಉಡ್ಸಿ, ಬಳಿ ಹಾಕಿ, ಮನಿಗ್ ಕರ್ಕಂಡ್ರ್ ಅಂದ್ ಕೇಂಡ್ ಕೂಡ್ಲೇ ನಂಗೆ...” ಈ ಹೆಂಗಸು ದೂರು ಕೊಡಲು ಬಂದವಳಲ್ಲ, ಹೌದು ಎನ್ನಿಸಿಕೊಳ್ಳಲು ಬಂದವಳು ಎಂಬುದು ಶ್ರೀಲತಾಳಿಗೆ ಆಗ ತಿಳಿಯಿತು. ಆ ಸೀರೆಯ ಬಣ್ಣ ಈ ತುಂಗಾಳಿಗೂ ಗೊತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂರುತ್ತಿದ್ದವಳ ಮೂಗು ಹೀಗೇ ಇತ್ತೇ? ಇಲ್ಲ, ಅವಳಿಗೆ ಮೂಗೇ ಇರಲಿಲ್ಲ, ಮುಖವೇ ಇರಲಿಲ್ಲ. ಮುಖ ಕೊಡುತ್ತಿದ್ದುದು ಈಗ, ಈ ಗಳಿಗೆಯಲ್ಲಿ. ಅಲ್ಲವೇ? ಎರಡು ಮಳೆಗಾಲದ ಹಿಂದೆ ಅಟ್ಟ ಸೋರಿ, ಹಂಚಿನ ಕಾಲದ ಹಳೆಯ ಫೈಲುಗಳನ್ನೆಲ್ಲ ಅವಳೇ ಕೆಳಗಿಳಿಸಿ, ಒಂದೊಂದನ್ನೇ ಒರೆಸಿ, ಆರಿಸಿ, ಮತ್ತೆ ಮೇಲೆ ಜೋಡಿಸಿದ್ದಳು. ಹೆಸರಿಡುವ ಮೊದಲೇ ಹೋದ ಮಕ್ಕಳ ಫೈಲುಗಳ ಮೇಲೆ ಮಗುವಿನ ಹೆಸರಿರುವುದಿಲ್ಲ, ಇಂಥವಳ ಮಗು ಎಂದಷ್ಟೇ ಇರುತ್ತದೆ. ರುಕ್ಮಿಣಿಯ ಮಗು. ಸೀತುವಿನ ಮಗು. ತುಂಗಾ ಮೆಂಡನಳ ಮಗು ಎಂಬ ಅಕ್ಷರಗಳ ಮೇಲೆ ತನ್ನ ಒದ್ದೆ ಬಟ್ಟೆ ಹಾದು ಹೋಗಿತ್ತೇ? ಕೈ ಒರೆಸುವಾಗ ಕಣ್ಣು ಓದಿತ್ತೇ? ಹಿತ್ತಿಲಲ್ಲಿ ಅಬ್ಬಿಗೆ ಹೇಳುವಾಗ ಅಷ್ಟು ಸಲೀಸಾಗಿ ಬಂದದ್ದು ಕಟ್ಟುಕಥೆಯೋ, ನೆನಪೋ? ಏಣಿ ಅಲ್ಲೇ ಗೋಡೆಗೆ ಒರಗಿತ್ತು. ಹತ್ತಿ ನೋಡಿದರೆ ತಿಳಿದುಹೋಗುತ್ತಿತ್ತು. ಅವಳು ಏಣಿಯ ಕಡೆ ನೋಡಿದಳು, ಕಾಲು ಎತ್ತಲಿಲ್ಲ. ಫೈಲು ಅಲ್ಲಿದ್ದು, ಒಳಗಿರುವುದೆಲ್ಲ ಹೊಂದಿದರೆ ತಾನು ತಿಳಿಯದೇ ಧರ್ಮ ಕೆಟ್ಟವಳು. ಹೊಂದದಿದ್ದರೆ ಈ ಹೆಂಗಸು ಕೊಡೆ ಎತ್ತಿಕೊಂಡು ಮಳೆಗೆ ಹೋಗುತ್ತಾಳೆ. ಹೋಗಿ ಸುಮ್ಮನಿರುತ್ತಾಳೆಯೇ? ಆಸ್ಪತ್ರೆಯಿಂದ ಯಾವ ಹೆಣ್ಣೂ ಹೋಗಿಲ್ಲವಂತೆ ಎಂಬ ಮಾತು ಸಂಜೆಯೊಳಗೆ ಉಪ್ಪುಂದ ಸೇರುತ್ತದೆ. ಹಾಗಾದರೆ ನಮ್ಮ ಗುಡ್ಡನ ಮಣೆಯ ಪಕ್ಕ ಕೂತದ್ದು ಯಾರು ಎಂದು ಅಬ್ಬಿ ಕೇಳುತ್ತಾಳೆ. ಅಲ್ಲ, ಕೇಳುವುದಿಲ್ಲ. ಚೀಲದ ಕಡೆ ನೋಡುತ್ತಿದ್ದಳಲ್ಲ, ಹಾಗೆ ಒಮ್ಮೆ ತನ್ನನ್ನು ನೋಡಿ ಒಳಗೆ ಹೋಗುತ್ತಾಳೆ. ಗುಡ್ಡ ಮತ್ತೆ ಜಗಲಿಯ ಮೇಲೆ ಬಂದು ಉಣ್ಣದೆ ಕೂರುತ್ತಾನೆ.

“ಶ್ರೀಲತಾ,” ಎಂದರು ಪ್ರೇಮಾನಂದ ಸರ್. ಅವರ ದನಿಯಲ್ಲಿ ಬೇಡಿಕೆ ಇತ್ತು. ಡಿಪ್ಲೊಮಾದ ಹುಡುಗಿಯೊಬ್ಬಳು ಫೈಲನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುವುದನ್ನು ಕಂಡ ಮೊದಲ ದಿನವೇ ಇವಳು ನನ್ನ ಜಾಗಕ್ಕೆ ಎಂದು ಎಲ್ಲರೆದುರು ಹೇಳಿದ ಮನುಷ್ಯ ಅವರು. “ಆಡಳಿತದ ಮೇಡಮ್ಮಿಗೆ ನಾನ್ ಈಗ್ಲೇ ಹೋಯಿ ಹೇಳ್ಕ್. ನಿನ್ ಬಾಯಿಂದ ಒಂದ್ ಮಾತ್ ಬಂದ್ರೆ ಸಾಕ್. ಇವ್ರ ಮಗಿನ ಫೈಲ್ ನೀ ಕಂಡಿಲ್ಲೆ ಅಲ್ದಾ? ಕಂಡಿಲ್ಲೆ ಅಂದ್ ಹೇಳ್.”

ಕಂಡಿಲ್ಲ. ಅದು ಸತ್ಯ, ಅಷ್ಟಾದರೂ ಸತ್ಯ ಇರಬಹುದು. ಅಷ್ಟು ಹೇಳಿದರೆ ಈ ಕಪಾಟುಗಳು, ಈ ಬಣ್ಣದ ಪಟ್ಟಿಗಳು, ಹೊಸದಾಗಿ ಬಂದ ಕಂಪ್ಯೂಟರು, ಬಾಗಿಲ ಮೇಲೆ ತನ್ನ ಹೆಸರು. ಗಂಡಿನ ಕಡೆಯ ಮುದುಕರು ಬಂದು ನೋಡಲಿ. ಬಾಗಿಲಿನ ಗಾಜಿನ ಆಚೆ ಏನೋ ಅಲುಗಾಡಿತು. ವರಾಂಡದಲ್ಲಿ, ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬರೆದ ಹಲಗೆಯ ಕೆಳಗೆ, ಓದು ಬಾರದ ಅಬ್ಬಿ ನಿಂತಿದ್ದಳು. ಮಂಡಿಯವರೆಗೆ ಒದ್ದೆ, ತಲೆ ಒದ್ದೆ. ಎದೆಗೆ ಅವುಚಿಕೊಂಡ ಬಿಳಿ ಗಂಟು ಮಾತ್ರ ಒಣಗಿತ್ತು. ಒಳಗೆ ಇಣುಕಲಿಲ್ಲ ಅವಳು. ಬೀಗರ ಮನೆಯ ಅಂಗಳದಲ್ಲಿ ಯಾರಾದರೂ ಬಂದು ಕರೆಯಲಿ ಎಂದು ನಿಲ್ಲುವ ಹಾಗೆ ಸೆರಗು ಹೊದ್ದು, ಸ್ವಲ್ಪ ನಾಚಿಕೆಯಿಂದ, ನಿಂತಿದ್ದಳು. ಗಂಟಿಗೆ ಏನೋ ಹೇಳುತ್ತಿದ್ದಳು. ತುಟಿ ಅಲುಗುವುದು ಕಾಣುತ್ತಿತ್ತು.

“ಕಂಡಿದ್ದೆ ಸರ್,” ಎಂದಳು ಶ್ರೀಲತಾ. “ಇವರ ಮಗಳೇ. ಫೈಲು ನೋಡಿಯೇ ಹೇಳಿದೆ. ಫೋನು ಮಾಡಿದ್ದೂ ಸುಳ್ಳು, ಕೇಳದೆ ಮದುವೆ ಮಾಡಿಸಿದೆ.” ಯಾಕೋ ಪುಸ್ತಕದ ಕನ್ನಡದಲ್ಲೇ ಬಂತು, ಬೇರೆ ಯಾರೋ ಬರೆದುಕೊಟ್ಟದ್ದನ್ನು ಓದಿದ ಹಾಗೆ.

ತುಂಗಾ ಬಾಯಿಗೆ ಸೆರಗು ಒತ್ತಿ ಹಿಡಿದಳು. ಅಳುತ್ತಾಳೆಂದುಕೊಂಡರೆ ಅವಳು ನಗುತ್ತಿದ್ದಳು. ಪ್ರೇಮಾನಂದ ಸರ್ ಕೋಪ ಮಾಡಿಕೊಂಡಿದ್ದರೆ ಶ್ರೀಲತಾ ತಡೆದುಕೊಳ್ಳುತ್ತಿದ್ದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅಷ್ಟೇ. ಕನ್ನಡಕವಿಲ್ಲದ ಆ ಮುಖ ಒಮ್ಮೆಲೇ ಮುದುಕನದಾಯಿತು. “ನೀನಾ ಮಾರಾಯ್ತಿ,” ಎಂದರು. “ಬೇರೆ ಯಾರಾರೂ ಆಯಿದ್ರೆ ನಾನ್ ನಂಬ್ತಿದ್ದೆ.” ಆಮೇಲೆ ಅವಳನ್ನು ನೋಡದೆ ಕೈ ಚಾಚಿದರು. ಅವಳು ಕೊರಳ ದಾರದಲ್ಲಿದ್ದ ಕಪಾಟಿನ ಕೀಲಿಕೈ ತೆಗೆದು ಆ ಕೈಯಲ್ಲಿಟ್ಟಳು. ಸರ್, ನನ್ನಷ್ಟು ಈ ಧರ್ಮ ಕಾಯ್ದವರು ಯಾರೂ ಇಲ್ಲ, ಕಾಯಲಿಕ್ಕೆಂದೇ ಸುಳ್ಳು ಹುಟ್ಟಿಸಿದೆ ಎಂದು ಕೂಗಬೇಕೆನ್ನಿಸಿತು. ಅವರ ಕಣ್ಣಲ್ಲಿ ಕಳ್ಳಿಯಾಗಿ ಹೊರಗೆ ಹೋಗುವುದು ಕೆಲಸ ಹೋಗುವುದಕ್ಕಿಂತ ಹೆಚ್ಚು ಸಂಕಟ ಎಂದು ಆಗ ಗೊತ್ತಾಯಿತು. ನಾಳೆ ಈ ಕೀಲಿ ಇನ್ನೊಬ್ಬರ ಕೊರಳಿಗೆ ಹೋಗುತ್ತದೆ. ಅವರು ಡಬ್ಲ್ಯೂ ಹದಿನಾಲ್ಕನ್ನು ಸರಿಯಾಗಿ ಬರೆದಾರೋ ಇಲ್ಲವೋ ಎಂದು ಒಂದು ಕ್ಷಣ ಚಿಂತೆಯಾಯಿತು.

ಅವಳು ಕೈಚೀಲ, ಕೊಡೆ, ಬುತ್ತಿ ಎತ್ತಿಕೊಳ್ಳುವಷ್ಟರಲ್ಲಿ ತುಂಗಾ ಬಾಗಿಲು ತೆರೆದು ವರಾಂಡಕ್ಕೆ ಹೋಗಿಯಾಗಿತ್ತು. ಹೊರಗೆ ಬಂದಾಗ ಇಬ್ಬರೂ ಎದುರುಬದುರು ನಿಂತಿದ್ದರು. ಯಾರು ಯಾರಿಗೆ ಮೊದಲು ಏನು ಹೇಳಿದರೋ ಅವಳು ಕೇಳಲಿಲ್ಲ. ಅಬ್ಬಿಯ ಕೈಯಲ್ಲಿದ್ದ ಗಂಟು ತುಂಗಾಳ ಕೈಯಲ್ಲಿತ್ತು. ತುಂಗಾ ಅದರ ತೂಕ ನೋಡುವವಳಂತೆ, ತೊಟ್ಟಿಲಿನಿಂದ ಎತ್ತಿಕೊಂಡಂತೆ, ಮಡಿಸಿದ ಮೊಣಕೈಯ ಮೇಲೆ ತಂದುಕೊಂಡಿದ್ದಳು.

“ಉಂಬುದ್ ಸ್ವಲ್ಪ ಕಮ್ಮಿ ಅದ್,” ಎನ್ನುತ್ತಿದ್ದಳು ಅಬ್ಬಿ. “ಆದ್ರೆ ಕೆಲ್ಸದಂಗೆ ಚುರ್ಕ್. ನಮ್ ಗುಡ್ಡನ್ನ ಚಂದ ಮಾಡಿ ಕಾಣ್ತ್.”

“ಸಣ್ಣದ್ ಇಪ್ಪ ಹೊತ್ತಿಗೂ ಹಾಂಗೇ,” ಎಂದಳು ತುಂಗಾ. “ಹಾಲ್ ಕುಡೀತಿರ್ಲಿಲ್ಲೆ. ಆಸಾಡಿ ಇಡೀ ನಾನ್ ಉಣ್ಸ್ತೆ.”

“ಹೆಸ್ರ್ ಎಂತ ಅಂದೇಳಿ ಕರಿಯೂದ್? ನಾವ್ ಸುಮ್ನೆ ಹೆಣೆ, ಹೆಣ್ಣೇ ಅಂಬ್ದೇ.”

ತುಂಗಾ ಗಂಟಿನ ಕಡೆ ಬಗ್ಗಿ, ಅಕ್ಷರ ಜಾರಿ ಹೋಗದ ಹಾಗೆ ಮೆಲ್ಲನೆ ಹೇಳಿದಳು: “ದಿವ್ಯಾ. ಇಡ್ಕ್ ಅಂದ್ಕಂಡಿದ್ದೆ. ಯಾರಿಗೂ ಹೇಳಿಲ್ಲೆ.” ಅಬ್ಬಿ ಒಂದೆರಡು ಸಲ ಆ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಹಿಡಿಸಿತು ಎಂಬಂತೆ ತಲೆಯಾಡಿಸಿ, ಬೀಗಿತ್ತಿಯ ತೋಳು ಹಿಡಿದುಕೊಂಡು ಮೆಟ್ಟಿಲ ಕಡೆ ಹೊರಟಳು. ಆಗ ಮಗಳು ಹಿಂದೆ ನಿಂತದ್ದು ಕಂಡಿತು.

“ಹ್ವಾಯ್ ಹೆಣೆ, ಎಂತ ಚೀಲ ತಕಂಡ್ ಬಂದೆ? ಇವತ್ತ್ ಬೇಗ ಬಿಟ್ರಾ?”

“ಹೌದ್ ಅಬ್ಬಿ.”

“ಒಳ್ಳೇದೇ ಆಯ್ತ್. ಬಾ, ಬಿಜೂರಿಗೆ ಒಟ್ಟಿಗ್ ಹೋಪ, ಇದ್ರ ತೌರ್ ಕಂಡ್ಕಂಡ್ ಬಪ್ಪ.” ಮೆಟ್ಟಿಲಿಳಿಯುತ್ತ ಅಬ್ಬಿ ನಗುತ್ತ ತಿರುಗಿದಳು. “ಹೆಣ್ಣಿನ ಬದಿಗ್ ತಾಯೇ ಸಿಕ್ಕಿದ್ ಮೇಲೆ ನೀನ್ ಅಲ್ಲಿ ಎಂತಕ್? ಇನ್ನ್ ನೀ ನಮ್ ಬದಿ.”